ಕೋಟೆಯೊಳಗಿನ ಶೇಂಗಾ

ನಾನು ದಿನಚರಿ ಬರೆಯುವವಳು. ಹೀಗೆಂದು ಹೇಳಿಕೊಂಡಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ ಒಂದು ಬಗೆಯ ಗೌರವ ಮೂಡುತ್ತದೆ. ಸೂರ್ಯ ಹುಟ್ಟುವ ಮೊದಲೇ ಎದ್ದು ತಣ್ಣೀರು ಸ್ನಾನ ಮಾಡುವವಳೂ ಇವಳೇ ಇರಬೇಕು ಎಂದು ಅವರು ಊಹಿಸುತ್ತಾರೆ. ನನ್ನದು ಶಿಸ್ತಲ್ಲ, ಭಯ. ನನಗೆ ನನ್ನ ನೆನಪಿನ ಮೇಲೆ ಒಂದಿಷ್ಟೂ ನಂಬಿಕೆಯಿಲ್ಲ. ನಮ್ಮ ಮದುವೆಯ ಊಟದಲ್ಲಿ ಹೋಳಿಗೆ ಇತ್ತು ಎಂದು ನಾನು, ಇರಲಿಲ್ಲ, ಚಿರೋಟಿ ಇತ್ತು ಎಂದು ನನ್ನ ಗಂಡ, ಹೀಗೆ ವರ್ಷಕ್ಕೊಮ್ಮೆಯಾದರೂ ವಾದ ನಡೆಯುತ್ತದೆ. ಅವತ್ತು ನಾವಿಬ್ಬರೂ ಹೊಟ್ಟೆ ಹಸಿದುಕೊಂಡು ಫೋಟೋಕ್ಕೆ ನಿಂತಿದ್ದೆವು, ಊಟವನ್ನೇ ನೋಡಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಆದ್ದರಿಂದಲೇ ಬರೆದಿಡುತ್ತೇನೆ. ಆದರೆ ಬರೆಯುವವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ಮೊನ್ನೆ ಹಳೆಯ ದಿನಚರಿಯೊಂದನ್ನು ತೆರೆದರೆ ಒಂದು ಪುಟದಲ್ಲಿ, ನನ್ನದೇ ಕೈಬರಹದಲ್ಲಿ, "ಇವತ್ತು ಬಹಳ ಸಂತೋಷವಾಯಿತು" ಎಂದಷ್ಟೇ ಇತ್ತು. ಏಕೆ ಎಂದು ಬರೆದಿಲ್ಲ. ಇದನ್ನೂ ಮರೆಯುತ್ತೇನೆಯೇ ಎಂದುಕೊಂಡಿರಬೇಕು.

ಇಂಥ ನಾನು ಹಲಸೂರಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮಕ್ಕಳ ಸಾಹಿತ್ಯ ಕಲಿಸುತ್ತೇನೆ. ಶಾಲಾ ಶಿಕ್ಷಕರಾಗಬೇಕೆಂದು ಬಂದ ಹುಡುಗ ಹುಡುಗಿಯರು ನನ್ನ ವಿದ್ಯಾರ್ಥಿಗಳು. ಮೊದಲ ದಿನ ಅವರೆಲ್ಲ ಬಹಳ ಹಗುರಾಗಿ ಬಂದು ಕೂರುತ್ತಾರೆ. ಮೊಲ, ನರಿ, ಬುದ್ಧಿವಂತ ಇರುವೆ, ಅಷ್ಟು ಮುಗಿಸಿದರೆ ಪಾಸಾಯಿತು ಎಂಬ ನಂಬಿಕೆ. ಐತಿಹಾಸಿಕ ಕಾದಂಬರಿಯ ಪಾಠ ಶುರುವಾದಾಗ ಅವರ ಮುಖ ಗಂಭೀರವಾಗುತ್ತದೆ, ನನ್ನ ಮುಖ ಅರಳುತ್ತದೆ. ಏಕೆಂದರೆ ನನ್ನನ್ನು ಓದಿನ ಕಡೆಗೆ ಎಳೆದು ತಂದದ್ದೇ ಮಕ್ಕಳಿಗಾಗಿ ಬರೆದ ಒಂದು ಐತಿಹಾಸಿಕ ಕಾದಂಬರಿ. ಅದರ ವಿಷಯ ಸ್ವಲ್ಪ ತಡೆದು ಹೇಳುತ್ತೇನೆ, ನಾಚಿಕೆಯ ಸಂಗತಿ ಅದರಲ್ಲೇ ಇದೆ.

ಮೊದಲು ನಸ್ರೀನಳ ವಿಷಯ ಹೇಳಬೇಕು. ನಸ್ರೀನ್ ಶಿವಾಜಿನಗರದ ಹುಡುಗಿ. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ, ಮೂರನ್ನೂ ಒಂದರ ಕಾಲು ಒಂದು ತುಳಿಯದಂತೆ ಆಡಬಲ್ಲಳು. ಕಥೆ ಓದಿ ಹೇಳುವಾಗ ಅವಳ ಕಣ್ಣು ದೊಡ್ಡದಾಗುತ್ತದೆ, ಕೇಳುವವರದೂ ಆಗುತ್ತದೆ. ಅವಳ ಅಣ್ಣ ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಅವಳ ಹೆಸರು ಹೇಳಿಟ್ಟಿದ್ದ. ಬರುವ ಒಂದನೇ ತಾರೀಕಿಗೆ ಸೇರಬೇಕು. ಅಷ್ಟರಲ್ಲಿ ಮರ್ಫಿ ಟೌನಿನ ಒಂದು ಶಾಲೆಯಲ್ಲಿ ಲೈಬ್ರರಿ ಪೀರಿಯಡ್ ನೋಡಿಕೊಳ್ಳುವ ಟೀಚರ್ ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ನಸ್ರೀನ್ ಅಣ್ಣನ ಹತ್ತಿರ ಕಾಡಿ ಬೇಡಿ ಆ ತಿಂಗಳಿನ ಮಟ್ಟಿಗೆ ಬಿಡುವು ಪಡೆದಿದ್ದಳು. "ಮೇಡಂ, ಆ ಸ್ಕೂಲ್ ಸಿಕ್ಕಿದ್ರೆ ಕಥೆ. ಸಿಗ್ಲಿಲ್ಲ ಅಂದ್ರೆ ಕಂಪ್ಯೂಟರ್ ಮುಂದೆ ಕೂತ್ಕೊಂಡು ಯಾರ್‌ಯಾರ್ದೋ ಅಡ್ರೆಸ್ ಟೈಪ್ ಮಾಡ್ಬೇಕು" ಎಂದಿದ್ದಳು. ಶಾಲೆಯ ಹೆಡ್‌ಮಿಸ್ಟ್ರೆಸ್ ಡೆಮೋ ಕ್ಲಾಸ್‌ಗೆ ಕರೆದಿದ್ದರು. ಆರನೇ ತರಗತಿಗೆ, ಕೋಟೆ ಕೊತ್ತಲಗಳ ಕಾಲದ ಯಾವುದಾದರೂ ಕಾದಂಬರಿ ಓದಿಸಬೇಕು, ಅಷ್ಟೆ. ನಸ್ರೀನಳಂಥ ಹುಡುಗಿಗೆ ಇದೇನು ಕಷ್ಟ? ಕಷ್ಟವಾದದ್ದು ನನ್ನಿಂದ.

ಅದು ಹೇಗೆಂದರೆ, ಆ ದಿನಗಳಲ್ಲಿ ನಮ್ಮ ತರಗತಿ ತಪ್ಪು ಹಿಡಿಯುವ ಕಾರ್ಖಾನೆಯಾಗಿತ್ತು. ಶುರು ಮಾಡಿದವನು ಸೆಲ್ವಂ. ಹಲಸೂರು ಕೆರೆಯ ಹಿಂದಿನ ಬೀದಿಯವನು, ಗಣಿತ ಓದಿ ಬಂದವನು, ಯಾವ ವಾಕ್ಯವನ್ನೂ ಹಾಗೇ ಹೋಗಲು ಬಿಡುವವನಲ್ಲ. ನಾವು ಓದುತ್ತಿದ್ದ ಒಂದು ಕಾದಂಬರಿಯಲ್ಲಿ ಹೊಯ್ಸಳರ ಕಾಲದ ಸೈನಿಕನೊಬ್ಬ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ. ಸೆಲ್ವಂ ಕೈ ಎತ್ತಿದ. "ಮೇಡಂ, ಮೆಣಸಿನಕಾಯಿ ಪೋರ್ಚುಗೀಸ್‌ನವರು ತಂದಿದ್ದಲ್ವಾ? ಇವ್ನಿಗೆ ಹೆಂಗೆ ಸಿಕ್ತು?" ನಾನು ಹಿಗ್ಗಿಹೋದೆ. ಐತಿಹಾಸಿಕ ಕಾದಂಬರಿಯನ್ನು ಹೀಗೇ ಓದಬೇಕು, ಪ್ರತಿ ಸಾಲಿಗೂ ಆಧಾರ ಕೇಳಬೇಕು ಎಂದು ಭಾಷಣ ಮಾಡಿದೆ. ಆಮೇಲೆ ಕೇಳಬೇಕೆ? ಟೊಮೆಟೊ ಹೋಯಿತು, ಆಲೂಗಡ್ಡೆ ಹೋಯಿತು, ಗೋಡಂಬಿ, ಸೀಬೆಹಣ್ಣು, ಪಪ್ಪಾಯ ಎಲ್ಲ ಹಡಗು ಹತ್ತಿ ವಾಪಸು ಹೋದವು. ಒಬ್ಬ ರಾಜಕುಮಾರ ಗಡಿಯಾರ ನೋಡಿದ್ದಕ್ಕೆ ಇಡೀ ತರಗತಿ ಚಪ್ಪಾಳೆ ತಟ್ಟಿತು. ಕಥೆ ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ರಾಜಕುಮಾರ ಗೆದ್ದನೋ ಸತ್ತನೋ, ಗಡಿಯಾರವಂತೂ ಸಿಕ್ಕಿಬಿದ್ದಿತ್ತು.

ಅಷ್ಟಕ್ಕೇ ನಿಂತಿದ್ದರೂ ಚಿಂತೆಯಿರಲಿಲ್ಲ. ಸೆಲ್ವಂ ಒಂದು ನಿಯಮ ತಂದ. ಯಾವ ಕಾಲದ ಕಾದಂಬರಿ ಚರ್ಚೆಗಿದೆಯೋ ಆ ದಿನ ನಾವೆಲ್ಲ ಆ ಕಾಲದಲ್ಲಿ ಇದ್ದದ್ದನ್ನು ಮಾತ್ರ ತಿನ್ನಬೇಕು. ಓದಿದ್ದು ಮೈಗೆ ಹತ್ತುತ್ತದೆ ಎಂದು ನಾನೂ ಒಪ್ಪಿದೆ. ಮೊದಲು ಹೋದದ್ದು ಚಹಾ. ಮಧ್ಯಾಹ್ನದ ತರಗತಿಯಲ್ಲಿ ಚಹಾ ಇಲ್ಲದೆ ಹೊಯ್ಸಳರನ್ನು ನೆನೆಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಸೆಲ್ವಂ ಮಾತ್ರ ಆರಾಮವಾಗಿದ್ದ. ಅವನ ತಾಯಿ ಮಾಡುವ ಕಾಳುಮೆಣಸಿನ ಪೊಂಗಲ್‌ಗೆ ಯಾವ ರಾಜವಂಶದಲ್ಲೂ ತಡೆಯಿರಲಿಲ್ಲ. ಅದಕ್ಕೆಂದೇ ಈ ನಿಯಮ ತಂದನೋ ಏನೋ ಎಂಬ ಅನುಮಾನ ನನಗೆ ಈಗಲೂ ಇದೆ. ಅದರಲ್ಲಿದ್ದ ಗೋಡಂಬಿಯನ್ನು ಆರಿಸಿ ಇಟ್ಟುಕೊಂಡು, ಕಾರಿಡಾರಿಗೆ ಹೋಗಿ ಅಲ್ಲಿ ನಿಂತು ತಿಂದು ಬರುತ್ತಿದ್ದ. ಕಾರಿಡಾರು ವರ್ತಮಾನಕಾಲಕ್ಕೆ ಸೇರಿದ್ದು ಎಂದು ಅವನ ವಾದ. ನಸ್ರೀನ್ ಒಂದು ದಿನ ಮೆಣಸಿನಕಾಯಿ, ಟೊಮೆಟೊ ಯಾವುದೂ ಇಲ್ಲದ ಬಿರಿಯಾನಿ ತಂದಳು. "ಅಮ್ಮಿ ಕೇಳಿದ್ರು ಮೇಡಂ, ನಿಮ್ ಕಾಲೇಜಲ್ಲಿ ಎಲ್ರಿಗೂ ಅಲ್ಸರ್ರಾ ಅಂತ" ಎಂದು ಡಬ್ಬಿ ತೆರೆದಳು.

ನನ್ನ ಮನೆಯ ಕಥೆ ಇನ್ನೂ ಕೆಟ್ಟದ್ದು. ನಾವು ಗಂಡ ಹೆಂಡತಿ ಇಬ್ಬರೂ ಧಾರವಾಡದ ಕಡೆಯವರು, ಈಗ ದೊಮ್ಮಲೂರಿನಲ್ಲಿ ಬಾಡಿಗೆಗೆ ಇದ್ದೇವೆ. ಕೆಂಪು ಖಾರ, ಕಡಲೆಕಾಯಿ ಕುಟ್ಟಿ ಮಾಡಿದ ಶೇಂಗಾ ಹಿಂಡಿ, ಇವೆರಡು ಇಲ್ಲದಿದ್ದರೆ ನಮಗೆ ರೊಟ್ಟಿ ಬರೀ ಹಿಟ್ಟಿನ ತಗಡು. ತರಗತಿಯ ದಿನ ಒಂದೇ ಅಡುಗೆ ಸಾಕೆಂದು ಗಂಡನ ಡಬ್ಬಿಗೂ ಹೊಯ್ಸಳರ ಊಟವನ್ನೇ ತುಂಬಿ ಕಳಿಸಿದೆ. ಸಂಜೆ ಬಂದವರೇ, "ಏನಽ ಇದು? ನನಗ ಏನರ ಜಡ್ಡು ಅದ ಅಂತ ಡಾಕ್ಟರ್ ನಿನಗ ಒಬ್ಬಾಕಿಗೇ ಹೇಳ್ಯಾರೇನು?" ಎಂದರು. ಖಾರ ನಮ್ಮದಲ್ಲ, ಹೊರಗಿನಿಂದ ಬಂದದ್ದು ಎಂದು ವಿವರಿಸಿದೆ. ಅವರು, "ನೀನೂ ಹೊರಗಿನಿಂದನ ಬಂದಾಕಿ. ನಾ ಏನರ ಅಂದೆನೇನು?" ಎಂದು ತಾವೇ ಖಾರದ ಡಬ್ಬಿ ಇಳಿಸಿಕೊಂಡರು.

ಇಷ್ಟರಲ್ಲಿ ನಸ್ರೀನಳ ಡೆಮೋ ಕ್ಲಾಸ್ ಬಂದುಹೋಯಿತು. ಹೋಗುವಾಗ ಚಿಗರೆಯಂತೆ ಹೋದವಳು ಬರುವಾಗ ತಲೆತಗ್ಗಿಸಿ ಬಂದಳು. ಏನಾಯಿತೆಂದರೆ, ಅವಳು ನನ್ನಿಂದ ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಒಂದು ಸಾಲು ಓದುವುದು, ನಿಲ್ಲುವುದು, ಇದು ಆ ಕಾಲದಲ್ಲಿ ಇತ್ತೋ ಇಲ್ಲವೋ ಎಂದು ಹೇಳುವುದು. ಅರ್ಧ ಪುಟ ಆಗುವಷ್ಟರಲ್ಲಿ ಮಕ್ಕಳು ಒಬ್ಬರ ಹಿಂದೆ ಒಬ್ಬರು ಟಾಯ್ಲೆಟ್‌ಗೆ ಎಂದು ಕೇಳಿ ಹೋಗತೊಡಗಿದರಂತೆ. ಹೋದವರು ಬರಲಿಲ್ಲವಂತೆ. ಹೆಡ್‌ಮಿಸ್ಟ್ರೆಸ್ ಕೊನೆಗೆ, "ಪಾಠ ಚೆನ್ನಾಗಿತ್ತಮ್ಮ, ಆದ್ರೆ ಕ್ಲಾಸಲ್ಲಿ ಮಕ್ಕಳೇ ಇರ್ಲಿಲ್ವಲ್ಲ. ಶುಕ್ರವಾರ ಇನ್ನೊಂದ್ಸಲ ಬಾ, ನೋಡೋಣ" ಎಂದರಂತೆ. ಒಂದನೇ ತಾರೀಕು ಶುಕ್ರವಾರದ ಬೆನ್ನಿಗೇ ಇತ್ತು. ಇದನ್ನು ನಸ್ರೀನ್ ಹೇಳುವಾಗ ನನ್ನನ್ನು ದೂರಲಿಲ್ಲ. ದೂರಿದ್ದರೆ ಸಮಾಧಾನವಾಗುತ್ತಿತ್ತು. "ನಂದೇ ತಪ್ಪು ಮೇಡಂ, ಇನ್ನೂ ಸರಿಯಾಗಿ ಪ್ರಿಪೇರ್ ಆಗ್ಬೇಕಿತ್ತು" ಎಂದಳು. ನಾನು ಅದಕ್ಕೆ, "ಹೌದು, ಇನ್ನೂ ಆಧಾರಗಳನ್ನು ಸೇರಿಸೋಣ" ಎಂದೆ. ಮಾಸ್ತರಿಕೆ ಮಾಡಿದವರಿಗೆ ಒಂದು ಜಡ್ಡು ಇರುತ್ತದೆ, ಔಷಧಿ ಕೆಲಸ ಮಾಡದಿದ್ದರೆ ಅದನ್ನೇ ಎರಡು ಚಮಚ ಕುಡಿಸುತ್ತೇವೆ.

ಅವಳನ್ನು ಹುರಿದುಂಬಿಸಲೆಂದು ಅವತ್ತು ತರಗತಿಯಲ್ಲಿ ನನ್ನ ಬಾಲ್ಯದ ಆ ಕಾದಂಬರಿಯ ಮಾತು ತೆಗೆದೆ. ಪ್ರತಿ ಬ್ಯಾಚಿಗೂ ಇದನ್ನು ಹೇಳುತ್ತೇನೆ. ಒಂದು ಕೋಟೆ. ಶತ್ರುಗಳು ಮುತ್ತಿಗೆ ಹಾಕಿ ಕೂತಿದ್ದಾರೆ. ಒಳಗೆ ದವಸ ಮುಗಿಯುತ್ತ ಬಂದಿದೆ, ನಾಳೆ ಬಾಗಿಲು ತೆರೆದು ಶರಣಾಗಬೇಕು. ಆ ಸಂಜೆ ಒಬ್ಬ ಪುಟ್ಟ ಹುಡುಗಿ ಮನೆಯಲ್ಲಿ ಉಳಿದಿದ್ದ ಒಂದೇ ಹಿಡಿ ಶೇಂಗಾವನ್ನು ಕೋಟೆಗೋಡೆಯ ಹತ್ತಿರ ಕೂತು ಹುರಿಯುತ್ತಾಳೆ. ಆ ವಾಸನೆ ಗೋಡೆ ದಾಟಿ ಶತ್ರುಗಳ ಬಿಡಾರಕ್ಕೆ ಹೋಗುತ್ತದೆ. ಹಸಿದ ಸೈನಿಕರು ಮೂಗರಳಿಸಿ, ಇಷ್ಟು ದಿನವಾದರೂ ಒಳಗೆ ಕೂತು ಶೇಂಗಾ ಮೆಲ್ಲುತ್ತಿದ್ದಾರೆಂದರೆ ಇವರನ್ನು ಉಪವಾಸ ಕೆಡವಿ ಗೆಲ್ಲಲು ನಮ್ಮಿಂದಾಗದು ಎಂದು ಬೆಳಗಾಗುವುದರೊಳಗೆ ಡೇರೆ ಕಿತ್ತು ಹೋಗುತ್ತಾರೆ. ಐದನೇ ಕ್ಲಾಸಿನಲ್ಲಿ ಅದನ್ನು ಓದಿದಾಗ ನಾನೂ ಹುಡುಗಿ, ಒಂದು ಹಿಡಿ ಶೇಂಗಾದಿಂದ ನಾನೂ ರಾಜ್ಯ ಉಳಿಸಬಲ್ಲೆ ಅನ್ನಿಸಿತ್ತು. ಹೇಳಿ ಮುಗಿಸಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸೆಲ್ವಂ ಕೈ ಎತ್ತಿದ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಇದು ಯಾವ ಕಾಲದ್ದು?"

"ಹೊಯ್ಸಳರ ಕಾಲ" ಎಂದೆ. ಎಂದ ಕೂಡಲೇ ನನಗೂ ಹೊಳೆಯಿತು. ತರಗತಿಗೂ ಹೊಳೆಯಿತು. ಕಡಲೆಕಾಯಿಯೂ ಮೆಣಸಿನಕಾಯಿಯ ಹಡಗಿನಲ್ಲೇ ಬಂದದ್ದು ಎಂದು ಹದಿನೈದು ದಿನದ ಹಿಂದೆ ಬೋರ್ಡಿನ ಮೇಲೆ ಬರೆದವಳು ನಾನೇ.

"ತಪ್ಪು ಇದ್ದರೆ ಅದು ಲೇಖಕರದ್ದು" ಎಂದೆ ಬಿಗಿಯಾಗಿ. "ಪುಸ್ತಕ ತರುತ್ತೇನೆ. ನೀವೇ ನೋಡಿ."

ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ನಮ್ಮಿಬ್ಬರ ಹಳೆಯ ಪುಸ್ತಕಗಳು ಅವಳ ಹತ್ತಿರವೇ ಇವೆ. ಅವಳು ಗೊಣಗುತ್ತ ಹುಡುಕಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದಳು. ಮುಖಪುಟ ಹರಿದಿತ್ತು, ಆದರೆ ಅದೇ ಪುಸ್ತಕ. ಬಸ್‌ಸ್ಟ್ಯಾಂಡಿನಿಂದ ಬರುತ್ತ ಆಟೋದಲ್ಲೇ ಓದಲು ಶುರು ಮಾಡಿದೆ. ಕೋಟೆ ಇತ್ತು. ಮುತ್ತಿಗೆ ಇತ್ತು. ಹುಡುಗಿಯೂ ಇದ್ದಳು. ಆದರೆ ಅವಳು ಮಾಡುವುದಿಷ್ಟೇ, ನಾಯಕನಿಗೆ ಒಮ್ಮೆ ನೀರು ಕೊಡುತ್ತಾಳೆ, ಇನ್ನೊಮ್ಮೆ ನೀರು ಕೊಡುತ್ತಾಳೆ, ಆಮೇಲೆ ಕಾಣುವುದಿಲ್ಲ. ಮುತ್ತಿಗೆ ಮುರಿಯುವುದು ರಾಜನ ಮಿತ್ರನೊಬ್ಬ ಆನೆಗಳ ಹಿಂಡು ತಂದದ್ದರಿಂದ. ಆ ಆನೆಗಳು ಒಂದು ಇಡೀ ಅಧ್ಯಾಯವನ್ನು ತುಂಬಿಕೊಂಡು ಘೀಳಿಡುತ್ತಿದ್ದವು, ಅವುಗಳಲ್ಲಿ ಒಂದರ ಬಾಲವೂ ನನಗೆ ನೆನಪಿರಲಿಲ್ಲ. ಶೇಂಗಾ ಎಲ್ಲೂ ಇರಲಿಲ್ಲ. ತಿರುಗಿ ಮೊದಲಿನಿಂದ ಓದಿದೆ. ಮುತ್ತಿಗೆಯ ಪುಟಗಳ ಸಂದಿಯಲ್ಲಿ ತೆಳ್ಳಗಿನ ಕೆಂಪು ಸಿಪ್ಪೆಯೊಂದು ಅಂಟಿಕೊಂಡಿತ್ತು, ಸುತ್ತ ಎಣ್ಣೆಯ ಕಲೆ. ಒಟ್ಟಿನಲ್ಲಿ ಪುಸ್ತಕದಲ್ಲಿ ಶೇಂಗಾ ಇದ್ದದ್ದು ನಿಜ, ಕಥೆಯಲ್ಲಿ ಮಾತ್ರ ಇರಲಿಲ್ಲ.

ಅಕ್ಕನಿಗೆ ಮತ್ತೆ ಫೋನು ಮಾಡಿದೆ. "ಆ ಪುಸ್ತಕ ಓದುವಾಗ ಅಜ್ಜಿ ಒಲೆಯ ಮುಂದೆ ಕೂತು ಶೇಂಗಾ ಹುರಿಯುತ್ತಿದ್ದಳು, ಅಲ್ಲವಾ?" ಎಂದು ಕೇಳಿದೆ.

"ಯಾವ ಅಜ್ಜಿ? ಅಜ್ಜಿ ಆವತ್ತ ಊರಾಗ ಇದ್ದಿದ್ದಿಲ್ಲ. ಹುರದಾಕಿ ನಾನು. ನೀ ಪುಸ್ತಕದಾಗ ಮೂತಿ ಇಟ್ಕೊಂಡು ಅಷ್ಟೂ ತಿಂದಿ. ಹಿಂಡಿ ಕುಟ್ಟಾಕಂತ ಇಟ್ಟಿದ್ದೆ, ಅವ್ವ ಬಂದು ನನಗ ಬೈದ್ಲು" ಎಂದಳು. ಇಷ್ಟು ವರ್ಷ ಈ ಬೈಗುಳವನ್ನು ಯಾರಿಗೆ ವಾಪಸು ಮಾಡಲಿ ಎಂದು ಕಾದಿದ್ದವಳಂತೆ ಇನ್ನೂ ಬಹಳ ಹೊತ್ತು ಮಾತಾಡಿದಳು. ಅಲ್ಲಿಗೆ ನನ್ನ ಪರವಾಗಿ ಸಾಕ್ಷಿ ಹೇಳಲು ಅಜ್ಜಿಯೂ ಉಳಿಯಲಿಲ್ಲ.

ತರಗತಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಸೆಲ್ವಂ ಗೆದ್ದವರ ಔದಾರ್ಯದಿಂದ, "ಪರ್ವಾಗಿಲ್ಲ ಬಿಡಿ ಮೇಡಂ, ನಮ್ ಪಾಟೀನೂ ಹಿಂಗೇ. ಅಜ್ಜಿಗೆ ಎಂಬತ್ತು" ಎಂದ. ನನಗೆ ಇನ್ನೂ ಐವತ್ತಾಗಿಲ್ಲ ಎಂದು ಹೇಳೋಣವೆನ್ನಿಸಿತು, ಆದರೆ ಆ ಹೊತ್ತಿನಲ್ಲಿ ನನ್ನ ಯಾವ ಮಾತಿಗೂ ತೂಕ ಇರಲಿಲ್ಲ. ತರಗತಿ ಮುಗಿದ ಮೇಲೆ ನಸ್ರೀನ್ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದಳು.

"ಮೇಡಂ, ಆ ಸೀನ್ ಬುಕ್ಕಲ್ಲಿ ಇಲ್ಲ ಅಂದ್ರೆ ಅದು ಯಾರ್ದು?"

"ಯಾರದೂ ಅಲ್ಲ. ನನ್ನ ತಲೆಯ ಕಸ."

"ಚೆನ್ನಾಗಿತ್ತು ಮೇಡಂ. ಆನೆಗಿಂತ ಚೆನ್ನಾಗಿತ್ತು. ಶುಕ್ರವಾರ ಅದನ್ನೇ ಹೇಳ್ಲಾ?" ಎಂದಳು.

"ಬೇಡ. ತಪ್ಪಿದೆ, ಆಧಾರವೂ ಇಲ್ಲ. ನಿನಗೆ ಇರುವುದು ಒಂದೇ ಅವಕಾಶ" ಎಂದೆ. ಕೂತು ಅವಳಿಗೊಂದು ಪಾಠಯೋಜನೆ ಬರೆದುಕೊಟ್ಟೆ. ಅಷ್ಟು ಸುರಕ್ಷಿತವಾದ ಪಾಠಯೋಜನೆಯನ್ನು ನಾನು ಜೀವನದಲ್ಲೇ ಬರೆದಿರಲಿಲ್ಲ.

ಶುಕ್ರವಾರ ನಾನೂ ಮರ್ಫಿ ಟೌನಿಗೆ ಹೋದೆ. ಧೈರ್ಯಕ್ಕೆಂದು ಅವಳಿಗೆ ಹೇಳಿದೆ, ನಿಜವಾಗಿ ನನ್ನ ಧೈರ್ಯಕ್ಕೆ. ಇಕ್ಕಟ್ಟಾದ ಓಣಿಯಲ್ಲಿ ಶಾಲೆ. ಒಂದು ಕಡೆ ಬಟ್ಟೆ ಒಣಗಿಹಾಕಿದ ಬಾಲ್ಕನಿ, ಇನ್ನೊಂದು ಕಡೆ ವೆಲ್ಡಿಂಗ್ ಅಂಗಡಿ. ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ಬೀಗದಕೈ ಗೊಂಚಲು ಹಿಡಿದು ನಿಂತರು. ಕೂರಲಿಲ್ಲ, ಬಹುಶಃ ಮಕ್ಕಳು ಹೊರಗೆ ಹೋಗದಂತೆ. ನಾನು ಕೊನೆಯ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕೂತೆ. ನಸ್ರೀನ್ ನನ್ನ ಯೋಜನೆಯ ಪ್ರಕಾರ ಪುಸ್ತಕ ತೆರೆದಳು. ಮೊದಲ ಪ್ಯಾರಾ ಓದಿದಳು. ಎರಡನೇ ಪ್ಯಾರಾಕ್ಕೆ ಮುಂದಿನ ಬೆಂಚಿನ ಹುಡುಗನ ಗಲ್ಲ ಡೆಸ್ಕಿಗೆ ಇಳಿಯಿತು. ಮೂರನೆಯದಕ್ಕೆ ಡೇನಿಯಲ್ ಎಂಬ ಉದ್ದನೆಯ ಹುಡುಗ ಎದ್ದು ನಿಂತು ಕಿರುಬೆರಳು ತೋರಿಸಿದ. ಹೆಡ್‌ಮಿಸ್ಟ್ರೆಸ್ಸರ ಬೀಗದಕೈ ಗೊಂಚಲು ಒಮ್ಮೆ ಝಲ್ ಎಂದಿತು. ನಸ್ರೀನ್ ಕೊನೆಯ ಬೆಂಚಿನ ಕಡೆ ನೋಡಿದಳು. ದೊಡ್ಡನೆಕ್ಕುಂದಿಯ ಆ ಕಂಪನಿಯೇ ನನ್ನ ಬೆನ್ನ ಹಿಂದೆ ಬಂದು ನಿಂತಿದೆಯೇನೋ ಎನ್ನುವಂಥ ನೋಟ ಅದು. ನಾನು ಪಾಠಯೋಜನೆಯ ಹಾಳೆ ತೋರಿಸಿ ಮುಂದುವರಿಸು ಎಂದು ಸನ್ನೆ ಮಾಡಿದೆ. ಅವಳು ಪುಸ್ತಕ ಮುಚ್ಚಿದಳು.

"ಹೋಗಪ್ಪ, ಹೋಗಿ ಬಾ" ಎಂದಳು ಡೇನಿಯಲ್‌ಗೆ. "ಅಷ್ಟೊತ್ತಿಗೆ ಇವ್ರಿಗೆಲ್ಲ ಒಂದು ವಿಷ್ಯ ಹೇಳ್ತೀನಿ. ಒಂದು ಕೋಟೆ. ಸುತ್ತ ಶತ್ರುಗಳು. ಒಳಗೆ ತಿನ್ನಕ್ಕೆ ಏನೂ ಇಲ್ಲ. ಹಸಿವು ಅಂದ್ರೆ ಎಂಥ ಹಸಿವು, ಇಲಿಗಳೇ ಊರು ಬಿಟ್ಟು ಹೋಗಿದ್ವು."

ಡೇನಿಯಲ್ ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ಅಲ್ಲೊಬ್ಬಳು ಹುಡುಗಿ. ನಿಮ್ಮಷ್ಟೇ. ಹೆಸ್ರು ಚಂದ್ರಿ." ಈ ಹೆಸರು ನನಗೂ ಹೊಸದು. "ಅವ್ಳ ಹತ್ರ ಇದ್ದಿದ್ದು ಒಂದೇ ಒಂದು ಹಿಡಿ ಕಡಲೆಕಾಯಿ. ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ತಿಂತಿದ್ದೆ!" ಎಂದು ಇಡೀ ತರಗತಿ ಕೂಗಿತು. ಇದು ನನಗೆ ಚುಚ್ಚಿದಂತಾಯಿತು.

"ಚಂದ್ರಿ ತಿನ್ಲಿಲ್ಲ. ಗೋಡೆ ಹತ್ರ ಒಲೆ ಹಾಕಿ ಘಮ್ ಅಂತ ಹುರಿದ್ಲು. ಆಚೆ ಕಡೆ ಶತ್ರು ಸೈನಿಕ ಎದ್ದು ಕೂತ. ಪಕ್ಕದವನಿಗೆ ಹೇಳ್ದ, ಲೋ ಮಗಾ, ನಾವಿಲ್ಲಿ ಗಂಜಿ ಕುಡೀತಿದ್ರೆ ಒಳಗೆ ಸ್ನ್ಯಾಕ್ಸ್ ಮಾಡ್ತಿದಾರೆ ಕಣೋ!"

ಹೊಯ್ಸಳರ ಕಾಲದ ಸೈನಿಕನ ಬಾಯಲ್ಲಿ ಸ್ನ್ಯಾಕ್ಸ್ ಎಂಬ ಮಾತು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಮಕ್ಕಳ ನಗೆಗೆ ಮತ್ತೆ ತೆರೆದೆ. ಕಥೆ ಮುಗಿಯಿತು, ಡೇರೆ ಕಿತ್ತರು, ಚಪ್ಪಾಳೆಯೂ ಆಯಿತು. ಇಷ್ಟಕ್ಕೆ ನಿಲ್ಲಿಸುತ್ತಾಳೆ, ಗೆದ್ದಳು ಎಂದುಕೊಂಡೆ. ಅವಳು ನಿಲ್ಲಿಸಲಿಲ್ಲ. ಏನಿದ್ದರೂ ನನ್ನ ವಿದ್ಯಾರ್ಥಿನಿಯಲ್ಲವೇ.

"ಆದ್ರೆ ಈ ಕಥೇಲಿ ಒಂದು ತೊಂದ್ರೆ ಇದೆ" ಎಂದಳು. "ಆ ಕಾಲದಲ್ಲಿ ನಮ್ಮ ದೇಶದಲ್ಲಿ ಕಡಲೆಕಾಯಿನೇ ಇರ್ಲಿಲ್ಲ. ಆಮೇಲೆ ಹಡಗಲ್ಲಿ ಬಂದಿದ್ದು. ಹಂಗಾದ್ರೆ ಚಂದ್ರಿ ಏನ್ ಹುರಿದ್ಲು? ನೀವೇ ಹೇಳಿ."

ಅಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ವೆಲ್ಡಿಂಗ್ ಅಂಗಡಿಯ ಸದ್ದು ಅಡಗಿತು. "ಚಿಪ್ಸ್!" ಎಂದಿತು ಒಂದು ಮಗು. ಆಲೂಗಡ್ಡೆ ಇನ್ನೂ ಬಂದಿಲ್ಲ ಎಂದಳು ನಸ್ರೀನ್. "ಗೋಬಿ!" ಅದು ಇನ್ನೂ ಲೇಟು. "ಪಾಪ್‌ಕಾರ್ನ್!" ಎಂದ ಬಾಗಿಲಿನಿಂದ ಡೇನಿಯಲ್. ಮೆಕ್ಕೆಜೋಳವೂ ಹಡಗಿನಲ್ಲೇ ಇದೆ, ಇಳಿದಿಲ್ಲ. "ಏನೂ ಇರ್ಲಿಲ್ಲ ಅಂದ್ರೆ ಯಾಕ್ ಮಿಸ್ ಬದುಕಿದ್ರು ಅವ್ರು?" ಎಂದು ಒಬ್ಬಳು ಕೈಚೆಲ್ಲಿದಳು. ಆಗ ಗೋಡೆಯ ಬದಿಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಮಲ್ಲಮ್ಮ. ಯಾದಗಿರಿ ಕಡೆಯಿಂದ ಬಂದ ಮನೆಯವಳೆಂದು ಮಾತು ಶುರುವಾದ ಕೂಡಲೇ ತಿಳಿಯಿತು.

"ಜ್ವಾಳ ಇತ್ತೇನ್ರಿ ಟೀಚರ್?"

"ಜೋಳ ಇತ್ತು."

"ಹಂಗಾದ್ರ ಅರಳ ಹುರಿದಿರತಾಳ್ರಿ. ನಮ್ಮವ್ವ ಪಂಚಮಿಗೆ ಹುರಿತಾಳ. ಪಟ್ ಪಟ್ ಅಂತ ಸಿಡದು ಬೆಳ್ಳಗ ಹೂವಾಗತಾವ. ಒಂದ್ ಹಿಡಿ ಹಾಕಿದ್ರ ಬುಟ್ಟಿ ತುಂಬತೈತ್ರಿ."

"ಅಯ್ಯೋ, ಅದೇ ಪಾಪ್‌ಕಾರ್ನ್ ಕಣೇ!" ಎಂದ ಡೇನಿಯಲ್.

"ನಿಂದು ಹಡಗದಾಗ ಐತಿ. ನಂದು ಹೊಲದಾಗ ಐತಿ" ಎಂದಳು ಮಲ್ಲಮ್ಮ. ಡೇನಿಯಲ್ ಬಂದು ತನ್ನ ಜಾಗದಲ್ಲಿ ಕೂತ. ಅವನಿಗೆ ಹೊರಗೆ ಹೋಗಬೇಕಾಗಿತ್ತು ಎಂಬುದು ಅವನಿಗೇ ಮರೆತುಹೋಗಿತ್ತು.

ಆಮೇಲೆ ನಡೆದದ್ದನ್ನು ಯಾರು ಯಾವ ಮಾತು ಹೇಳಿದರೆಂದು ಬಿಡಿಸಿ ಹೇಳಲಾರೆ, ಎಲ್ಲರೂ ಒಟ್ಟಿಗೇ ಹೇಳುತ್ತಿದ್ದರು. ಪಟ್ ಪಟ್ ಸದ್ದು ಶತ್ರುಗಳಿಗೆ ಕೇಳಿಸಿ ಒಳಗೆ ಏನೋ ಹೊಸ ಆಯುಧ ಮಾಡುತ್ತಿದ್ದಾರೆ ಎಂದು ಹೆದರಬೇಕು. ಒಂದು ಹಿಡಿ ಜೋಳ ಒಂದು ಬುಟ್ಟಿಯಾದ ಮೇಲೆ ಚಂದ್ರಿ ಅದನ್ನು ತಿನ್ನಬಾರದು, ಗೋಡೆ ಹತ್ತಿ ಶತ್ರುಗಳ ತಲೆಯ ಮೇಲೆ ಎಸೆಯಬೇಕು. ಯಾಕೆ ಎಸೆಯಬೇಕು? ನಮ್ಮ ಹತ್ತಿರ ಎಷ್ಟಿದೆ ನೋಡ್ರೋ, ನೀವೂ ತಿನ್ನಿ ಎಂದು ತೋರಿಸಲು. ಬೆಳ್ಳಗೆ ಮಳೆ ಬಿದ್ದ ಹಾಗೆ ಬೀಳಬೇಕು. ಸೇನಾಪತಿಯ ಮೀಸೆಯಲ್ಲಿ ಒಂದು ಸಿಕ್ಕಿಕೊಳ್ಳಬೇಕು. ನನ್ನ ಶೇಂಗಾಕ್ಕೆ ವಾಸನೆಯೊಂದೇ ಇತ್ತು. ಈ ಮಕ್ಕಳ ಅರಳಿಗೆ ವಾಸನೆ ಇತ್ತು, ಸದ್ದು ಇತ್ತು, ಬೆಳಕಿನಲ್ಲಿ ಹಾರುವ ಮೈಯಿತ್ತು. ತಪ್ಪನ್ನು ತೆಗೆದ ಜಾಗದಲ್ಲಿ ಇಷ್ಟೊಂದು ಬೆಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾವು ತರಗತಿಯಲ್ಲಿ ತೆಗೆದು ತೆಗೆದು ಜಾಗವನ್ನು ಖಾಲಿಯೇ ಬಿಟ್ಟಿದ್ದೆವು.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಹೆಡ್‌ಮಿಸ್ಟ್ರೆಸ್ ಒಳಗೆ ಬಂದರು. "ಯಾವ ಬುಕ್ಕಮ್ಮ ಇದು? ಲೈಬ್ರರಿಗೆ ತರಿಸ್ಬೇಕು. ಪಬ್ಲಿಷರ್ ಯಾರು?"

ನಸ್ರೀನಳ ಮುಖದ ಬಣ್ಣ ಇಳಿಯಿತು. ಇಷ್ಟು ಹೊತ್ತು ಪುಸ್ತಕ ಬಿಟ್ಟು ಏನನ್ನೋ ಹೇಳಿದೆ ಎಂದರೆ ಇವರು ಏನನ್ನುತ್ತಾರೆ? ಆಧಾರ, ಆಧಾರ ಎಂದು ವಿದ್ಯಾರ್ಥಿಗಳ ಪ್ರಾಣ ತಿಂದ ನಾನು ಕೊನೆಯ ಬೆಂಚಿನಲ್ಲಿ ಏನು ಮಾಡುತ್ತಿದ್ದೆ ಗೊತ್ತೆ? ಮೈಸೂರಿನ ಒಂದು ಪ್ರಕಾಶನದ ಹೆಸರು ಕಟ್ಟಿ, ಪ್ರತಿಗಳು ಮುಗಿದುಹೋಗಿವೆ ಎಂಬ ಮಾತನ್ನೂ ಸೇರಿಸಿ, ಬಾಯಿ ತೆರೆಯಲು ಸಿದ್ಧಳಾಗಿದ್ದೆ. ಬೆಂಚಿನ ಸಂದಿಯಿಂದ ಮೊಣಕಾಲು ಬಿಡಿಸಿಕೊಳ್ಳುವುದು ತಡವಾಯಿತು, ಅದೇ ಪುಣ್ಯ.

"ಬುಕ್ ಇಲ್ಲ ಮೇಡಂ" ಎಂದಳು ನಸ್ರೀನ್. "ನಮ್ಮ ಮೇಡಂ ಚಿಕ್ಕವರಿದ್ದಾಗ ಒಂದು ಪುಸ್ತಕ ಓದಿ, ಅದ್ರಲ್ಲಿ ಇಲ್ದೇ ಇರೋದನ್ನ ನೆನಪಿಟ್ಕೊಂಡಿದ್ರು. ಮಿಕ್ಕಿದ್ದು ಈಗ ಇವ್ರು ಮಾಡಿದ್ದು."

ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಿದರು. ಪುಸ್ತಕದಲ್ಲಿ ಇಲ್ಲದ್ದನ್ನು ನೆನಪಿಟ್ಟುಕೊಳ್ಳುವ ಪ್ರಾಧ್ಯಾಪಕಿ ಹೇಗಿರುತ್ತಾಳೆ ಎಂದು ನೋಡುವಂತಿತ್ತು. ಆಮೇಲೆ ತುಂಬಿದ ತರಗತಿಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. "ಇಲ್ವಾ? ಹಂಗಾದ್ರೆ ಇವ್ರ ಕೈಲೇ ಬರೆಸು. ಸೋಮವಾರದಿಂದ ಬಂದ್ಬಿಡಮ್ಮ. ಲೈಬ್ರರಿ ರೂಮಲ್ಲಿ ಫ್ಯಾನ್ ಇಲ್ಲ, ಈಗ್ಲೇ ಹೇಳಿದೀನಿ" ಎಂದರು. ನಸ್ರೀನ್ ಮೊದಲು ಅಣ್ಣನಿಗೆ ಮೆಸೇಜ್ ಹಾಕಿದಳು, ಆಮೇಲೆ ಅತ್ತಳು. ಕ್ರಮ ಹೀಗೆಯೇ ಇತ್ತು ಎಂದು ನನ್ನ ನಂಬಿಕೆ.

ಇಷ್ಟರಲ್ಲಿ ಮಕ್ಕಳು ನನ್ನ ಬೆಂಚನ್ನು ಮುತ್ತಿಕೊಂಡಿದ್ದರು. ಟೀಚರ್ ಹೇಳಿದ್ದನ್ನು ಅವರು ತಮಗೆ ಬೇಕಾದಷ್ಟು ಮಾತ್ರ ಕೇಳಿಸಿಕೊಂಡಿದ್ದರು. ಈ ಕಥೆ ಈ ಮಿಸ್ಸಿಗೆ ನೆನಪಿದೆ, ಅಂದರೆ ಇವರು ಅಲ್ಲಿ ಇದ್ದರು. ಮಲ್ಲಮ್ಮ ನನ್ನ ನೆರೆಗೂದಲನ್ನು ಗಮನವಿಟ್ಟು ನೋಡಿ ಲೆಕ್ಕ ಸರಿಯಾಯಿತು ಎಂಬಂತೆ ತಲೆಯಾಡಿಸಿದಳು.

"ಮಿಸ್, ಆವಾಗ ನೀವ್ ಎಷ್ಟನೇ ಕ್ಲಾಸಲ್ಲಿದ್ರಿ?" ಎಂದ ಡೇನಿಯಲ್.

ನಾನು ಹೊಯ್ಸಳರ ಕಾಲಕ್ಕೂ ನನಗೂ ನಡುವೆ ಇರುವ ಶತಮಾನಗಳನ್ನು ವಿವರಿಸಬೇಕಿತ್ತು. ಅದಕ್ಕೇ ನನಗೆ ಸಂಬಳ ಕೊಡುವುದು. "ಐದನೇ ಕ್ಲಾಸು" ಎಂದೆ.

"ಅರಳು ಎಸೆಯೋವಾಗ ನೀವೂ ಗೋಡೆ ಮೇಲಿದ್ರಾ?"

"ಇದ್ದೆ."

"ಅಷ್ಟ್ ಹಗುರ ಇರ್ತಾವಲ್ರಿ" ಎಂದಳು ಮಲ್ಲಮ್ಮ, ಒಲೆಯ ಮುಂದೆ ಕೂತು ಬಲ್ಲವಳ ಅನುಮಾನದಿಂದ. "ಅಷ್ಟ್ ದೂರ ಹೆಂಗ್ ಹೋದುವ್ರಿ?"

ಒಳ್ಳೆಯ ಪ್ರಶ್ನೆ. ಸೆಲ್ವಂ ಇದ್ದಿದ್ದರೆ ಅವನೂ ಇದನ್ನೇ ಕೇಳುತ್ತಿದ್ದ. ನಾನು ಒಂದು ಗಳಿಗೆಯೂ ತಡವರಿಸಲಿಲ್ಲ. ಆ ಸಂಜೆ ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು ಎಂದೆ. ಬೇರೆ ಯಾವುದು ಹೇಗೋ ಗೊತ್ತಿಲ್ಲ, ಆ ಗಾಳಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ.